ಒಂಟಿ ಹೆಡ್‌ಲೈಟಿನ ಲಾರಿ, ಅಜ್ಜನ ಲಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ್ಸಲ ಎರಡನೇ ಮಹಾಯುದ್ಧದ ಲಾರಿ, ಸ್ಟಾಫ್ ಕಾರುಗಳ (ಸೇನಾಧಿಕಾರಿಗಳು ಓಡಾಡ್ತಿದ್ದ ಕಾರು) ತುಂಡು ಜೋಡಿಸಿ ಮಾಡೋ ಪ್ಲಾಸ್ಟಿಕ್ ಮಾಡೆಲ್ ಕಿಟ್ ಬಗ್ಗೆ ನಾಲ್ಕು ಸಾಲು ಬರ್ದಿದ್ದಷ್ಟೇ, ಟ್ಯಾಂಕು ವಿಮಾನದ ಬಗ್ಗೆ ಬರ್ದಾಗ ಬರದಷ್ಟು ಪ್ರಶ್ನೆ ಬಂದಿವೆ. ಎಲ್ಲದಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ, ಕೈಗೆ ಸಿಕ್ಕಿದ್ದು ಇಲ್ಲಿದೆ.

ಪ್ರಶ್ನೆ (ದಾವಣಗೆರೆ): ಸರ್, ಮಿನಿಆರ್ಟ್‌ನವರ 1/35 ಸ್ಕೇಲಿನ (ನಿಜದ್ದರ 35ನೇ ಒಂದು ಭಾಗದಷ್ಟು) ರಷ್ಯನ್ ಗಾಜ್-ಎಂಎಂ ಲಾರಿ ತರಿಸ್ದೆ. 1943ರ ಮಾಡೆಲ್ ಅಂತ ಡಬ್ಬದ ಮೇಲಿದೆ. ನೋಡಿದ್ರೆ ಒಂದೇ ಹೆಡ್‌ಲೈಟು! ಮಡ್‌ಗಾರ್ಡೂ ಯಾರೋ ತಗಡು ಬಗ್ಗಿಸಿ ಇಟ್ಟಂಗಿದೆ. ಪಾರ್ಟ್ ಮಿಸ್ ಆಗಿದ್ಯಾ? ವಾಪಸ್ ಕಳಿಸ್ಲಾ?

ಉತ್ತರ: ಅಯ್ಯೋ ಕಳಿಸ್ಬೇಡಿ ಸ್ವಾಮಿ, ಲಾರಿ ಇದ್ದಿದ್ದೇ ಹಂಗೆ. ಗಾಜ್ ಲಾರಿ ಮೂಲದಲ್ಲಿ ಅಮೆರಿಕದ ಫೋರ್ಡ್ ಎಎ, ಅದನ್ನ ಗೋರ್ಕಿ ಊರಿನ ಕಾರ್ಖಾನೇಲಿ 1932ರಿಂದ ಮಾಡೋಕೆ ಶುರು ಮಾಡಿದ್ರು. 1941ರಲ್ಲಿ ಜರ್ಮನ್ನರು ನುಗ್ಗಿದ ಮೇಲೆ ಉಕ್ಕಿಗೆ ಬರ ಬಂತು, ಆಗ ಯಾವುದಿಲ್ದೆ ಹೋದ್ರೂ ಗಾಡಿ ಓಡುತ್ತೋ ಅದನ್ನೆಲ್ಲ ಒಂದೊಂದಾಗಿ ಕಿತ್ತಾಕಿದ್ರು. ಬಲಗಡೆ ಹೆಡ್‌ಲೈಟ್ ಹೋಯ್ತು, ಡ್ರೈವರ್ ಕಡೇದು ಮಾತ್ರ ಉಳೀತು. ಮುಂದಿನ ಬಂಪರ್ ಹೋಯ್ತು, ಮುಂದಿನ ಚಕ್ರದ ಬ್ರೇಕೂ ಹೋಯ್ತು (ಹೌದು, ಬ್ರೇಕು!), ಗುಂಡಗೆ ಪ್ರೆಸ್ ಮಾಡಿದ ಮಡ್‌ಗಾರ್ಡ್ ಜಾಗಕ್ಕೆ ಚಪ್ಪಟೆ ತಗಡು ಬಗ್ಗಿಸಿ ಹಾಕಿದ್ರು, ಬಾಗಿಲು ಮರದ್ದು ಇಲ್ಲಾ ಕ್ಯಾನ್ವಾಸು. ಹಾಗಾಗಿ ಆ ಮಡ್‌ಗಾರ್ಡನ್ನ ಸ್ಯಾಂಡ್ ಪೇಪರ್ ಹಾಕಿ ನೈಸ್ ಮಾಡೋಕೆ ಹೋಗ್ಬೇಡಿ, ಒರಟಾಗಿದ್ರೇನೇ ಸರಿ.

ನೀವು ಪತ್ರದ ಕೊನೇಲಿ, ಜರ್ಮನ್ನರು ಸುತ್ತುವರಿದಿದ್ದ ಲೆನಿನ್‌ಗ್ರಾಡಿಗೆ ಲಡೋಗಾ ಸರೋವರದ ಮಂಜುಗಡ್ಡೆ ಮೇಲೆ ಹಿಟ್ಟು ಸಾಗಿಸಿದ ಸೀನ್ ಮಾಡ್ತೀನಿ, 1941ರ ಡಿಸೆಂಬರ್ ಅಂತ ಬರ್ದಿದೀರಲ್ಲ, ಅಲ್ಲಿ ಮಾತ್ರ ಎಡವಟ್ಟಾಗುತ್ತೆ. ಆ ಕೆಲಸ ಮಾಡಿದ್ದು ಇದೇ ಒಂದೂವರೆ ಟನ್ ಲಾರಿನೇ, ಆದ್ರೆ ಅದು ಮೊದಲ ಚಳಿಗಾಲ, ಎರಡು ಹೆಡ್‌ಲೈಟ್, ಗುಂಡಗಿನ ಮಡ್‌ಗಾರ್ಡ್ ಇದ್ದ ಹಳೇ ಗಾಜ್-ಎಎ ಇಲ್ಲಾ ಎಂಎಂ ಬೇಕು. ಮಂಜುಗಡ್ಡೆ ಒಡೆದ್ರೆ ಹಾರಿಕೊಳ್ಳೋಕೆ ಅಂತ ಡ್ರೈವರುಗಳು ಬಾಗಿಲು ತೆಗೆದಿಟ್ಕೊಂಡೇ ಓಡಿಸ್ತಿದ್ರು, ಬಾಗಿಲು ಅಂಟಿಸೋವಾಗ ಅದು ನೆನಪಿರಲಿ.

ಪ್ರಶ್ನೆ (ಹುಬ್ಬಳ್ಳಿ): ಜರ್ಮನ್ ಓಪೆಲ್ ಬ್ಲಿಟ್ಸ್ ಲಾರಿಗೆ ಗ್ರೇ ಹೊಡೀಬೇಕೋ ಹಳದಿ ಹೊಡೀಬೇಕೋ? ಒಬ್ಬೊಬ್ರು ಒಂದೊಂದು ಹೇಳ್ತಾರ್ರೀ.

ಉತ್ತರ: ನಿಮ್ಮ ಲಾರಿ ಯಾವ ಊರಲ್ಲಿ, ಯಾವ ತಿಂಗಳಲ್ಲಿ ನಿಂತಿದೆ ಹೇಳ್ರೀ, ಬಣ್ಣ ತಾನಾಗೇ ಬರುತ್ತೆ. 1940ರ ಜುಲೈವರೆಗೆ ಕಡು ಗ್ರೇ ಮೇಲೆ ಕಡು ಕಂದು ಪಟ್ಟೆ, ಅಲ್ಲಿಂದಾಚೆ ಬರೀ ಕಡು ಗ್ರೇ. 1943ರ ಫೆಬ್ರವರಿ 18ಕ್ಕೆ ಆರ್ಡರ್ ಬಂತು, ಇನ್ಮೇಲೆ ಎಲ್ಲಾ ಗಾಡಿಗೂ ಕಡು ಹಳದಿ ಬೇಸು, ಅದರ ಮೇಲೆ ಹಸಿರು, ಕೆಂಗಂದು. ಈ ಎರಡು ಬಣ್ಣ ಪೇಸ್ಟ್ ರೂಪದಲ್ಲಿ ಡಬ್ಬದಲ್ಲಿ ಬರ್ತಿತ್ತು, ತುಕಡಿಯವರೇ ಪೆಟ್ರೋಲೋ ನೀರೋ ಬೆರೆಸಿ ಹೊಡ್ಕೋಬೇಕು, ಹಾಗಾಗಿ ಒಂದೇ ತುಕಡಿಯ ಎರಡು ಲಾರಿ ಒಂದೇ ಥರ ಇರ್ತಿರಲಿಲ್ಲ, ನೀರು ಬೆರೆಸಿದ್ದು ಮಳೆಗೆ ತೊಳ್ಕೊಂಡೂ ಹೋಗ್ತಿತ್ತು. ಆಫ್ರಿಕಾದ್ದು ಬೇರೇನೇ ಕಥೆ, ಅಲ್ಲಿಗೆ 1941ರಿಂದಲೇ ಮರಳಿನ ಬಣ್ಣ.

ನಾನೇ ಒಂದ್ಸಲ ಮಂಗ ಆಗಿದೀನಿ. ಸ್ಟಾಲಿನ್‌ಗ್ರಾಡ್ ಬೀದಿ ಮಾಡಿ, ಹಿಮ ಸುರಿದು, ಚೆಂದದ ಹಳದಿ ಬ್ಲಿಟ್ಸ್ ನಿಲ್ಲಿಸಿ ಒಂದು ಪ್ರದರ್ಶನಕ್ಕೆ ತಗೊಂಡು ಹೋದೆ. ಹಿರಿಯರೊಬ್ರು ಕನ್ನಡಕ ಏರಿಸಿ ನೋಡಿ, "ಅಲ್ರೀ, ಸ್ಟಾಲಿನ್‌ಗ್ರಾಡಲ್ಲಿ ಜರ್ಮನ್ನರು ಕೈ ಎತ್ತಿದ್ದು ಫೆಬ್ರವರಿ 2ಕ್ಕೆ, ನಿಮ್ಮ ಪೇಂಟಿಗೆ ಅಷ್ಟೊಂದು ಅರ್ಜೆಂಟ್ ಏನಿತ್ತು, 16 ದಿನ ಮುಂಚೆ ಬಂದ್ಬಿಟ್ಟಿದೆ" ಅಂದ್ರು. ಮನೆಗೆ ಬಂದು ಹಿಮ ಕಿತ್ತೆ, ಮಣ್ಣು ಹಚ್ಚಿದೆ, ಈಗ ಅದು 1943ರ ಜುಲೈನ ಕುರ್ಸ್ಕ್ ಕದನ. ಹಾಂ, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಸ್ಟಿಕ್ಕರು) ಅಂಟಿಸೋವಾಗ ನಂಬರ್ ಪ್ಲೇಟಿನ ಮೊದಲಕ್ಷರ ನೋಡ್ಕೊಳ್ಳಿ: ಡಬ್ಲ್ಯೂಎಚ್ ಅಂದ್ರೆ ಭೂಸೇನೆ, ಡಬ್ಲ್ಯೂಎಲ್ ಅಂದ್ರೆ ವಾಯುಸೇನೆ.

ಪ್ರಶ್ನೆ (ತುಮಕೂರು): ಫೆವಿಕ್ವಿಕ್ ಹಾಕಿ ಗ್ಲಾಸ್ ಅಂಟಿಸ್ದೆ, ಬೆಳಗ್ಗೆ ನೋಡಿದ್ರೆ ಎಲ್ಲಾ ಬೆಳ್ಳಗೆ ಮಂಜು ಹಿಡಿದಂಗಾಗಿದೆ.

ಉತ್ತರ: ಅದರ ಹೊಗೆ ಕೂತಿರೋದು. ಬಿಳೀ ಟೂತ್‌ಪೇಸ್ಟ್ ಹಚ್ಚಿ ಹತ್ತಿ ಬಟ್ಟೇಲಿ ನಿಧಾನಕ್ಕೆ ಉಜ್ಜಿ ನೋಡಿ. ಹೋಗ್ಲಿಲ್ವಾ, ಧೂಳಿನ ಬಣ್ಣ ಹೊಡೆದು ವೈಪರ್ ಓಡಾಡಿದಷ್ಟು ಜಾಗ ಮಾತ್ರ ಒರೆಸಿಬಿಡಿ. ಮುಂದಿನ ಸಲ ಗ್ಲಾಸಿಗೆ ಬರೀ ಫೆವಿಕಾಲ್.

ಪ್ರಶ್ನೆ (ಮಡಿಕೇರಿ): ಸರ್, ನಮ್ಮಜ್ಜ ಯುದ್ಧದಲ್ಲಿ ಆರ್ಮಿ ಲಾರಿ ಡ್ರೈವರ್ ಆಗಿದ್ರು, ಸಾಮಾನು ಸಾಗಿಸೋ ಸರ್ವಿಸ್ ಕೋರ್. ದಿಮಾಪುರ, ಇಂಫಾಲ ಅಂತೆಲ್ಲ ಹೇಳ್ತಿದ್ರಂತೆ. ಒಂದೇ ಒಂದು ಫೋಟೋ ಇದೆ, ಲಾರಿ ಮುಂದೆ ನಿಂತಿದಾರೆ, ಲಾರಿದು ಅರ್ಧ ಮೂತಿ ಕಾಣುತ್ತೆ, ಗಿಡ್ಡ ಮೂತಿ. ಅಪ್ಪನ 75ನೇ ಹುಟ್ಟುಹಬ್ಬಕ್ಕೆ ಅದೇ ಲಾರಿ ಮಾಡಿಕೊಡ್ಬೇಕು ಅಂತ ಆಸೆ. ನಾನು ಇದುವರೆಗೆ ಒಂದು ಕಿಟ್ಟೂ ಮಾಡಿಲ್ಲ.

ಉತ್ತರ: ಈ ಪತ್ರ ಮೂರು ಸಲ ಓದ್ದೆ ಮೇಡಂ. ಗಿಡ್ಡ ಮೂತಿ ಅಂದಿದ್ದು ನೋಡಿದ್ರೆ ಅದು ಕೆನಡಾದ ಲಾರಿ ಇರಬೇಕು ಅನ್ಸುತ್ತೆ. ಯುದ್ಧದಲ್ಲಿ ಕೆನಡಾ ದೇಶ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ಗಾಡಿ ಮಾಡ್ತು, ಫೋರ್ಡು ಷೆವರ್ಲೆ ಎರಡೂ ಕಂಪನಿ ಒಂದೇ ನಮೂನೆ ಲಾರಿ ಮಾಡಿದ್ವು, ಅದನ್ನ ಸಿಎಂಪಿ (ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್) ಅಂತ ಕರೀತಾರೆ. ಸ್ಟೇರಿಂಗ್ ನಮ್ಮ ಹಾಗೆ ಬಲಗಡೆ. ಭಾರತದ ಸೈನ್ಯಕ್ಕೆ ರಾಶಿ ರಾಶಿ ಬಂದ್ವು, ಅದೇ ಚಾಸಿ ಮೇಲೆ ನಮ್ಮ ರೈಲ್ವೆ ವರ್ಕ್‌ಶಾಪಲ್ಲೂ ಟಾಟಾದವರಲ್ಲೂ ಕವಚ ಕಟ್ಟಿ ಸಾವಿರಾರು ಆರ್ಮರ್ಡ್ ಗಾಡಿ ಮಾಡಿದ್ರು.

ಈಗ ಫೋಟೋನ ಒಂದು ಭೂತಗನ್ನಡಿ ಇಟ್ಕೊಂಡು ನೋಡಿ. ಮುಂದಿನ ಜಾಲರಿ ವಜ್ರದ ಆಕಾರದ ಕಣ್ಣಿಂದಾ, ಚೌಕಾಕಾರದ್ದಾ? ವಜ್ರದ್ದಾದ್ರೆ ಷೆವರ್ಲೆ, ಚೌಕದ್ದಾದ್ರೆ ಫೋರ್ಡು. ಆಮೇಲೆ ಮುಂದಿನ ಗಾಜು. ಗಾಜಿನ ಮೇಲ್ತುದಿ ಮುಂದಕ್ಕೆ ಬಾಗಿ, ಕೆಳಗೆ ಒಳಕ್ಕೆ ಹೋಗಿದ್ರೆ ಅದು 13ನೇ ನಂಬರ್ ಕ್ಯಾಬ್ (ಡ್ರೈವರ್ ಕೂರೋ ಭಾಗದ ಕೊನೇ ನಮೂನೆ). ಯಾಕೆ ಹಂಗೆ ಉಲ್ಟಾ ಅಂದ್ರೆ, ನೆಟ್ಟಗಿರೋ ಗಾಜು ಬಿಸಿಲಿಗೆ ಫಳಫಳ ಅಂದು ಮೇಲಿನ ವಿಮಾನಕ್ಕೆ ಕಂಡುಬಿಡುತ್ತೆ. ಬಾನೆಟ್ ಅಥವಾ ಬಾಗಿಲ ಮೇಲೆ ನಂಬರ್ ಏನಾದ್ರೂ ಕಂಡ್ರೆ ಅದರ ಮುಂದಿನ ಅಕ್ಷರ ಓದಿ, ಬ್ರಿಟಿಷ್ ಪದ್ಧತೀಲಿ ಎಲ್ ಅಂದ್ರೆ ದೊಡ್ಡ ಲಾರಿ, ಝಡ್ ಅಂದ್ರೆ ಸಣ್ಣ ಟ್ರಕ್. ಸರ್ವಿಸ್ ಕೋರ್ ಗಾಡಿಗೆ ಮೂಲೆಯಿಂದ ಮೂಲೆಗೆ ಸೀಳಿದ ಕೆಂಪು ಹಸಿರು ಚೌಕದ ಗುರುತು ಇರ್ತಿತ್ತು, ಕಪ್ಪು ಬಿಳುಪು ಫೋಟೋದಲ್ಲಿ ಅದು ಎರಡು ಥರದ ಬೂದಿ ಬಣ್ಣದ ಹಾಗೆ ಕಾಣುತ್ತೆ. ಇನ್ನೊಂದು ಬದಿ ಡಿವಿಷನ್ ಗುರುತು: ಕರೀ ಬೆಕ್ಕಿದ್ರೆ 17ನೇ ಡಿವಿಷನ್, ಕೆಂಪು ಉಂಡೆ ಇದ್ರೆ 5ನೇದು, ಬಾಣ ಇದ್ರೆ 7ನೇದು, ಕಠಾರಿ ಇದ್ರೆ 19ನೇದು. ಮನೇಲಿ ಅಜ್ಜನ ಡಿಸ್ಚಾರ್ಜ್ ಬುಕ್ ಎಲ್ಲಾದ್ರೂ ಟ್ರಂಕಲ್ಲಿ ಇದ್ಯಾ ಹುಡುಕಿ, ಅದ್ರಲ್ಲಿ ಯುನಿಟ್ ಹೆಸರು ಸಿಕ್ರೆ ಅರ್ಧ ಕೆಲಸ ಆದಂಗೆ.

ಕಿಟ್ ಬೇಕಂದ್ರೆ ಪೋಲೆಂಡಿನ ಐಬಿಜಿಯವರು ಷೆವರ್ಲೆ ಸಿ15ಎ ಮಾಡ್ತಾರೆ, ಹಳೇ ನಮೂನೆಯ 11ನೇ ಕ್ಯಾಬಿಂದೂ ಇದೆ 13ನೇ ಕ್ಯಾಬಿಂದೂ ಇದೆ, ಫೋಟೋ ನೋಡದೆ ಆರ್ಡರ್ ಮಾಡ್ಬೇಡಿ. ಆದ್ರೆ ಮೊದಲ ಕಿಟ್ಟೇ ಇದಾಗ್ಬಾರದು. ಮೊದಲು ಒಂದು ಟಮಿಯಾ ಜೀಪ್ ತಗೊಂಡು ಹಾಳು ಮಾಡಿ, ಬೇಜಾರಾಗಲ್ಲ, ಎರಡನೇದು ಅಜ್ಜಂದು. ಬಣ್ಣ ಕಡು ಹಸಿರು, ಮರುಭೂಮಿ ಬಣ್ಣ ಬೇಡ. ದಿಮಾಪುರದಿಂದ ಕೊಹಿಮಾ ಮೇಲೆ ಇಂಫಾಲಕ್ಕೆ 200 ಕಿಲೋಮೀಟರಿಗೂ ಜಾಸ್ತಿ ಘಾಟಿ ರಸ್ತೆ, ಜಪಾನಿಯರು ಮುತ್ತಿಗೆ ಹಾಕಿ ಮುಚ್ಚಿದ್ದ ಆ ರಸ್ತೆ 1944ರ ಜೂನ್ 22ಕ್ಕೆ, 109ನೇ ಮೈಲಿಗಲ್ಲಿನ ಹತ್ರ ಮತ್ತೆ ತೆರೀತು. ಅಂದ್ರೆ ಜೋರು ಮಳೆಗಾಲ. ಆ ಲಾರಿಗೆ ಒಣ ಧೂಳು ಹೊಡೀಬೇಡಿ, ಚಾಸಿ ತುಂಬ ಹಸೀ ಕೆಸರು ಮೆತ್ತಿ, ಕೊಡಗಿನೋರಿಗೆ ಮಳೆಗಾಲದ ಗಾಡಿ ಹೆಂಗಿರುತ್ತೆ ಅಂತ ನಾನು ಹೇಳ್ಬೇಕಾ. ಆದ ಮೇಲೆ ಫೋಟೋ ಕಳಿಸಿ, ದಯವಿಟ್ಟು.

ಪ್ರಶ್ನೆ (ಬೆಂಗಳೂರು): ಅಮೆರಿಕದ ಜಿಎಂಸಿ ಎರಡೂವರೆ ಟನ್ ಲಾರಿ ಮುಗಿಸಿದೀನಿ, ಹಿಂದೆ ಖಾಲಿ ಬಿಟ್ರೆ ಬೋಳು ಬೋಳು. ಏನು ತುಂಬಿಸ್ಲಿ ಬ್ರೋ?

ಉತ್ತರ: ಮತ್ತೆ ಅದೇ ಮಾತು, ತಾರೀಖು ಹೇಳು ತಮ್ಮಾ. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗಿನ ಫ್ರಾನ್ಸ್ ಅಂದ್ರೆ ಕಣ್ಣು ಮುಚ್ಕೊಂಡು ಪೆಟ್ರೋಲ್ ಜೆರ್ರಿಕ್ಯಾನ್ ತುಂಬಿಸು, ರೆಡ್ ಬಾಲ್ ಎಕ್ಸ್‌ಪ್ರೆಸ್. ನಾರ್ಮಂಡಿಯಿಂದ ಸೈನ್ಯ ಮುಂದೆ ಓಡ್ತು, ರೈಲು ಹಳಿ ಎಲ್ಲ ಬಾಂಬಿಗೆ ಹೋಗಿದ್ವು, ಪೆಟ್ರೋಲ್ ಹಿಂದೆ ಉಳೀತು, ಸರಿ ಅಂತ ಎರಡು ರಸ್ತೇನ ಬರೀ ಲಾರಿಗೆ ಅಂತ ಒನ್ ವೇ ಮಾಡಿ, ಒಂದರಲ್ಲಿ ಹೋಗೋದು ಇನ್ನೊಂದರಲ್ಲಿ ಬರೋದು, ಹಗಲು ರಾತ್ರಿ. ಡ್ರೈವರುಗಳಲ್ಲಿ ಮುಕ್ಕಾಲು ಪಾಲು ಕಪ್ಪು ಜನ. ಡಬ್ಬದ ಚಿತ್ರದಲ್ಲಿ ಅವರು ಕಾಣೋದು ಅಪರೂಪ, ನೀನು ಗೊಂಬೆಗೆ ಬಣ್ಣ ಹಚ್ಚೋವಾಗ ನೆನಪಿಟ್ಕೋ.

ಜೆರ್ರಿಕ್ಯಾನ್ ಅಷ್ಟೊಂದು ಬೇಕಾಗಿಲ್ಲ. ಒಳಗೆ ಥರ್ಮಾಕೋಲ್ ತುಂಡಿಟ್ಟು ಅಂಚಿಗೆ ಒಂದು ಸಾಲು ಕ್ಯಾನ್ ನಿಲ್ಲಿಸಿ ಮೇಲೆ ಟಾರ್ಪಾಲು ಎಳೆದುಬಿಡು. ಟಾರ್ಪಾಲಿಗೆ ಟಿಶ್ಯೂ ಪೇಪರು, ಅರ್ಧ ಫೆವಿಕಾಲ್ ಅರ್ಧ ನೀರು. ಒದ್ದೆ ಇರೋವಾಗ್ಲೇ ದಾರ ಕಟ್ಟಿ ಎಳಿ, ಮಡಿಕೆ ಚೆನ್ನಾಗಿ ಬೀಳುತ್ತೆ, ಒಣಗಿದ ಮೇಲೆ ಎಳೆದ್ರೆ ಹಪ್ಪಳದ ಥರ ಮುರಿಯುತ್ತೆ.

ಪ್ರಶ್ನೆ (ಮೈಸೂರು): ಐಸಿಎಂನ ಆರು ಚಕ್ರದ ಮರ್ಸಿಡಿಸ್ ಜಿ4 ಸ್ಟಾಫ್ ಕಾರು ತಗೋಳ್ಳೋಣ ಅಂತಿದೀನಿ. ನಿಮ್ಮ ಅಭಿಪ್ರಾಯ?

ಉತ್ತರ: ಕಿಟ್ ಚೆನ್ನಾಗಿದೆ, ಕಾರು ನನಗೆ ಇಷ್ಟ ಇಲ್ಲ. 1934ರಿಂದ 39ರ ನಡುವೆ ಒಟ್ಟು ಮಾಡಿದ್ದೇ 57, ಹಿಟ್ಲರ್ ನಿಂತು ಮೆರವಣಿಗೆ ಹೋಗ್ತಿದ್ದ ಕಾರು. ಶೋಕೇಸಲ್ಲಿಟ್ರೆ ಬಂದ ನೆಂಟರೆಲ್ಲ ಇದ್ಯಾಕಪ್ಪಾ ಅಂತಾರೆ, ಪ್ರತಿ ಸಲ ಕಾರಣ ಹೇಳ್ತಾ ಕೂರ್ಬೇಕು. ಸ್ಟಾಫ್ ಕಾರಿನ ಮಜಾ ಇರೋದು ಸಾಮಾನ್ಯ ಕಾರಲ್ಲಿ. ಯಾರದೋ ಮನೇ ಮುಂದೆ ನಿಂತಿದ್ದ ಓಪೆಲ್ ಕಾಡೆಟ್ಟಿಗೆ ಗ್ರೇ ಬಳಿದು, ಹೆಡ್‌ಲೈಟಿಗೆ ಸೀಳು ಬಿಟ್ಟ ಕವರ್ ಹಾಕಿ ಯುದ್ಧಕ್ಕೆ ಓಡಿಸಿದ್ರಲ್ಲ, ಅದು. ಅಂಥ ಕಾರಿಗೆ ಬಣ್ಣ ಹಚ್ಚೋವಾಗ ಒಂದು ಕೆಲಸ ಮಾಡಿ: ಬಂಪರು, ಹಬ್‌ಕ್ಯಾಪು, ಬಾಗಿಲ ಹಿಡಿಕೆಗೆ ಮೊದಲು ಕ್ರೋಮ್ ಬಳೀರಿ, ಅದರ ಮೇಲೆ ಗ್ರೇ, ಆಮೇಲೆ ಹಿಡಿಕೆ ಹತ್ರ ಮಾತ್ರ ಹಲ್ಲುಕಡ್ಡೀಲಿ ಒಂಚೂರು ಕೆರೀರಿ. ಒಳಗಿನ ಕ್ರೋಮ್ ಇಣುಕುತ್ತೆ, ಕೈ ಓಡಾಡಿ ಸವೆದ ಹಾಗೆ. ಜನರಲ್ ಕಾರೇ ಬೇಕು ಅಂದ್ರೆ ಏರ್‌ಫಿಕ್ಸ್‌ನವರ 1/32ರ ಹಳೇ ಕಿಟ್ ಇದೆ, ಬ್ರಿಟಿಷ್ ಜನರಲ್ ಮಾಂಟ್ಗೊಮರಿಯ (ಮಾಂಟಿ ಅಂತಿದ್ರು) ಹಂಬರ್, ತೆರೆದ ಕಾರು, ಮಾಂಟಿ ಗೊಂಬೆ ಸಮೇತ. ಎಲ್ಲಾದ್ರೂ ಸಿಕ್ರೆ ಬಿಡ್ಬೇಡಿ.

ಪ್ರಶ್ನೆ (ಬೆಳಗಾವಿ): ಐದು ವರ್ಷದ ಹಿಂದೆ ಮಾಡಿದ ಲಾರಿಯ ಚಕ್ರ ಕರಗಿ ಅಂಟಂಟಾಗಿದೆ. ಬಿಸಿಲು ಬಿದ್ದಿಲ್ಲ, ಗಾಜಿನ ಬೀರುವಿನೊಳಗೇ ಇತ್ತು.

ಉತ್ತರ: ಬಿಸಿಲಲ್ಲ, ಟೈರೇ ತಿಂದಿದೆ. ಹಳೇ ಕಿಟ್‌ಗಳ ಮೆತ್ತನೆ ವಿನೈಲ್ ಟೈರಲ್ಲಿ ಮೆದು ಮಾಡೋಕೆ ಒಂದು ಎಣ್ಣೆಯಂಥ ರಾಸಾಯನಿಕ ಇರುತ್ತೆ, ವರ್ಷಗಟ್ಟಲೆ ಅದು ಜಿನುಗಿ ಪಕ್ಕದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನ ಕರಗಿಸುತ್ತೆ. ನಂಗೂ ಆಗಿದೆ, ಒಂದು ಅಂಗಡೀಲಿ ಮೂಲೆಗೆ ಬಿದ್ದಿದ್ದ ಹಳೇ ಡಬ್ಬ ಖುಷಿಯಾಗಿ ತಂದು ತೆಗೆದ್ರೆ, ಟೈರು ಫ್ರೇಮಿಗೆ ಅಂಟಿ ಅಲ್ಲೇ ಗುಂಡಿ ತೋಡಿತ್ತು. ಈಗ ಟೈರನ್ನ ಬೇರೆ ಕವರಲ್ಲಿಡ್ತೀನಿ, ಹಾಕೋವಾಗ ರಿಮ್ಮಿಗೆ ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ತೆಳ್ಳಗೆ ಸುತ್ತುತೀನಿ. ನಿಮ್ಮದಕ್ಕೆ ರೆಸಿನ್ ಚಕ್ರ ತರಿಸೋದೊಂದೇ ದಾರಿ.

ಪ್ರಶ್ನೆ (ಧಾರವಾಡ): ಲಾರಿಗೆ ನಿಜವಾದ ಮಣ್ಣೇ ಹಚ್ಬಹುದೇನ್ರೀ?

ಉತ್ತರ: ಹಚ್ಬಹುದು, ಆದ್ರೆ ಲೆಕ್ಕ ಹಾಕಿ: ಒಂದು ಮಿಲಿಮೀಟರ್ ಮರಳಿನ ಕಾಳು 1/35ರಲ್ಲಿ ಮೂರೂವರೆ ಸೆಂಟಿಮೀಟರ್ ಕಲ್ಲಾಗುತ್ತೆ. ಹಳೇ ಪಂಚೇಲಿ ಸೋಸಿ, ಹುಡಿ ಹುಡಿ ಆಗ್ಬೇಕು. ಉಕ್ರೇನಿನ ಲಾರಿ ಮಾಡೋರಿಗೆ ನಿಮ್ಮೂರಿನ ಎರೆ ಮಣ್ಣು ಸಿಕ್ಕಿದ್ದು ಪುಣ್ಯ, ಅಲ್ಲೂ ಕಪ್ಪು ಮಣ್ಣೇ, ಮಳೆ ಬಂದ್ರೆ ಅದೇ ಥರ ಚಕ್ರಕ್ಕೆ ಸುತ್ಕೊಳುತ್ತೆ. ಕ್ಯಾಬಿನ ತಲೆ ಮೇಲೆ ಮೆತ್ತಬೇಡಿ ಮಾತ್ರ. ಹೈವೇ ಢಾಬಾ ಹತ್ರ ನಿಂತಿರೋ ಲಾರಿ ಒಂದು ಸುತ್ತು ಹಾಕಿ ನೋಡಿ, ಮಡ್‌ಗಾರ್ಡಿನ ಒಳಗೆ, ಹಿಂದಿನ ಹಲಗೆ ಕೆಳಗೆ, ಡ್ರೈವರ್ ಹತ್ತೋ ಮೆಟ್ಟಿಲ ಮೇಲೆ ಎಷ್ಟಿರುತ್ತೆ ಅಂತ.

ಪ್ರಶ್ನೆ (ಮಂಗಳೂರು): ಜುಲೈಯಲ್ಲಿ ಲ್ಯಾಕರ್ ಪೇಂಟ್ ಹೊಡೆದ್ರೆ ಬೆಳ್ಳಗೆ ಪೊರೆ ಬರ್ತದೆ. ಏನು ಮಾಡುವುದು ಮಾರಾಯ್ರೆ?

ಉತ್ತರ: ಗಾಳೀಲಿರೋ ತೇವ ಪೇಂಟಿನ ಮೇಲೆ ಕೂರೋದು ಅದು. ಎಸಿ ರೂಮಿದ್ರೆ ಅಲ್ಲಿ ಹೊಡೀರಿ. ಇಲ್ದಿದ್ರೆ ಸೆಪ್ಟೆಂಬರ್ ತನಕ ಕಟ್ಟೋ ಕೆಲಸ ಮುಗಿಸ್ಕೊಳ್ಳಿ, ಬಣ್ಣ ಆಮೇಲೆ.