ಪ್ಯಾಸೆಂಜರಲ್ಲೇ ಬಂದೆ ಅಂದಿದ್ದೆ

ತಮ್ಮಾ,

ನಮ್ಮ ಓಣಿಯಿಂದ ಇನ್ನೊಬ್ಬ ಹುಡುಗ ಲಂಡನ್‌ಗೆ ಓದಲು ಬರುತ್ತಿದ್ದಾನೆ ಅಂತ ಕೇಳಿ ತುಂಬ ಖುಷಿಯಾಯಿತು. ನೀನು ಕೇಳಿದ್ದು ಹೀಗೆ: "ಅಣ್ಣಾ, ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಎಕ್ಸ್‌ಪ್ರೆಸ್ ರೈಲಿಗೆ ತುಂಬ ದುಡ್ಡು ಅಂತಾರೆ. ಅದಕ್ಕಿಂತ ಕಡಿಮೆಗೆ ಊರೊಳಗೆ ಹೋಗೋಕೆ ಆಗಲ್ವಾ? ಚಳಿಗೆ ಏನು ತರಲಿ, ತಿನ್ನೋಕೆ ಏನು ತರಲಿ?"

ಆಗುತ್ತದೆ. ಎಲ್ಲಕ್ಕಿಂತ ಅಗ್ಗ ಪಿಕ್ಯಾಡಿಲಿ ಲೈನ್ ಅನ್ನುವ ಸುರಂಗ ರೈಲು. ಊರ ನಡುವೆ ಬರಲು ಹತ್ತಿರ ಹತ್ತಿರ ಒಂದು ಗಂಟೆ. ಇನ್ನೊಂದು ಎಲಿಜಬೆತ್ ಲೈನ್, 2022ರಲ್ಲಿ ಶುರುವಾದದ್ದು. ನಿನ್ನ ರೂಮು ವೈಟ್‌ಚಾಪೆಲ್ ಹತ್ತಿರ ಅಂದೆಯಲ್ಲ, ಹಾಗಾದರೆ ಇದನ್ನೇ ಹಿಡಿ. ಎಲ್ಲೂ ರೈಲು ಬದಲಿಸದೆ ನೇರ ಅಲ್ಲೇ ಇಳಿಯಬಹುದು. ಲಿಫ್ಟೂ ಇದೆ. ದರ ಪಿಕ್ಯಾಡಿಲಿಗಿಂತ ಜಾಸ್ತಿ, ಆದರೆ ಎಕ್ಸ್‌ಪ್ರೆಸ್ಸಿಗಿಂತ ತುಂಬ ಕಡಿಮೆ. ಎಕ್ಸ್‌ಪ್ರೆಸ್ 15 ನಿಮಿಷಕ್ಕೆ ಮುಟ್ಟಿಸುತ್ತದೆ ನಿಜ, ಆದರೆ ಪ್ಯಾಡಿಂಗ್ಟನ್‌ವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಮತ್ತೆ ದುಡ್ಡು ಕೊಡಬೇಕು. ಒಂದು ಎಚ್ಚರ: ವಿಮಾನ ನಿಲ್ದಾಣದಲ್ಲಿ ಎಲಿಜಬೆತ್, ಎಕ್ಸ್‌ಪ್ರೆಸ್ ಎರಡೂ ಒಂದೇ ಸ್ಟೇಷನ್ನಿಗೆ ಬರುತ್ತವೆ. ಬೋರ್ಡು ಓದಿ ಹತ್ತು. ಒಳಗೆ ಹೋಗುವಾಗ ಗೇಟಿನ ಯಂತ್ರಕ್ಕೆ ಮುಟ್ಟಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಮುಟ್ಟಿಸು. ಮರೆತರೆ ಜಾಸ್ತಿ ಹಿಡಿಯುತ್ತಾರೆ.

ನಾನು ಬಂದದ್ದು 2008ರಲ್ಲಿ. ಅಪ್ಪ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು, ನಿನಗೆ ಗೊತ್ತು. ಭಟ್ಟಿ ಮೇಲೆ ಸಾಲ ತೆಗೆದು ಕಳಿಸಿದ್ದರು. ಬೆಂಗಳೂರಿಗೆ ಹೋದರೂ ಪ್ಯಾಸೆಂಜರಲ್ಲೇ ಹೋಗುವ ಮನುಷ್ಯ. ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಅಂತ ನಿಂತು ನಿಂತು ಹೋದರೂ ಬೇಜಾರಿಲ್ಲ. ಹೊರಡುವಾಗ ಒಂದೇ ಮಾತು ಹೇಳಿದ್ದರು, "ಎಕ್ಸ್‌ಪ್ರೆಸ್ಸೂ ಅದೇ ಊರಿಗೆ ಹೋಗ್ತತಿ, ಪ್ಯಾಸೆಂಜರೂ ಅದೇ ಊರಿಗೆ ಹೋಗ್ತತಿ."

ಇಳಿದಾಗ ನನಗೆ ಕೈಕಾಲು ಆಡಲಿಲ್ಲ. ಎರಡು ದೊಡ್ಡ ಸೂಟ್‌ಕೇಸು, ಯಾರ ಇಂಗ್ಲಿಷೂ ಅರ್ಥವಾಗುತ್ತಿಲ್ಲ. ಕಣ್ಣಿಗೆ ಬಿದ್ದ ಮೊದಲ ಕೌಂಟರಿನಲ್ಲಿ ಎಕ್ಸ್‌ಪ್ರೆಸ್ ಟಿಕೆಟ್ ತೆಗೆದೆ. ಆಗಿನ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ರಾತ್ರಿ ಫೋನ್ ಮಾಡಿದಾಗ ಅಪ್ಪ ಮೊದಲು ಕೇಳಿದ್ದೇ "ರೈಲಿಗೆ ಎಷ್ಟು ಕೊಟ್ಟೆ?" ಅಂತ. ಪ್ಯಾಸೆಂಜರಲ್ಲೇ ಬಂದೆ, ಕಡಿಮೆಯಾಯಿತು ಅಂದುಬಿಟ್ಟೆ. ಅಪ್ಪ ಅದನ್ನು ಭಟ್ಟಿಗೆ ಬಂದವರಿಗೆಲ್ಲ ಹೇಳಿದರಂತೆ. ನನ್ನ ಮಗ ಲಂಡನ್ನಿಗೆ ಹೋದರೂ ಪ್ಯಾಸೆಂಜರಾಗೇ ಹೋದ ಅಂತ.

2014ರಲ್ಲಿ ಅಪ್ಪ, ಅವ್ವ ಇಬ್ಬರನ್ನೂ ಕರೆಸಿಕೊಂಡೆ. ಅಪ್ಪನಿಗೆ ಆಗಲೇ ಮೊಣಕಾಲು ನೋವು. ಟ್ಯಾಕ್ಸಿ ಹೇಳಿಟ್ಟಿದ್ದೆ. ಅಪ್ಪ ಕೇಳಲಿಲ್ಲ. "ನೀನು ಮೊದಲ ದಿನ ಬಂದೆಯಲ್ಲ, ಅದೇ ರೈಲಾಗೆ ಹೋಗಾಣ" ಅಂದರು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಪಿಕ್ಯಾಡಿಲಿ ಹತ್ತಿಸಿದೆ. ಹೌನ್ಸ್ಲೋ ದಾಟಿದ ಮೇಲೆ ರೈಲು ನೆಲದ ಮೇಲೆ ಓಡುತ್ತದೆ. ಮನೆಗಳ ಹಿತ್ತಿಲು, ಒಣಗಲು ಹಾಕಿದ ಬಟ್ಟೆ ಕಾಣುತ್ತವೆ. ಅಪ್ಪ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಒಬ್ಬನೇ ಹಿಂಗೇ ನೋಡ್ಕೊಂತ ಬಂದ್ಯಾ?" ಅಂದರು. ಹೂಂ ಅಂದೆ.

ಆಗ ನನ್ನ ಮನೆ ಈಸ್ಟ್ ಹ್ಯಾಮ್‌ನಲ್ಲಿ. ಹ್ಯಾಮರ್‌ಸ್ಮಿತ್‌ನಲ್ಲಿ ಇಳಿದು ಡಿಸ್ಟ್ರಿಕ್ಟ್ ಲೈನ್ ಹಿಡಿಯಬೇಕಿತ್ತು. ಸಂಜೆ ಆಫೀಸು ಬಿಡುವ ಹೊತ್ತು, ಕಾಲಿಡಲು ಜಾಗವಿಲ್ಲ. ಯಾರೋ ಒಬ್ಬ ಹುಡುಗ ಎದ್ದು ಸೀಟು ಕೊಟ್ಟ. ಅಪ್ಪ ಅಲ್ಲಿ ಅವ್ವನನ್ನು ಕೂರಿಸಿದರು. ತಾವು ಕಂಬ ಹಿಡಿದು ಮುಕ್ಕಾಲು ಗಂಟೆ ನಿಂತರು. ಮನೆಗೆ ಬಂದ ಮೇಲೆ ಎರಡು ದಿನ ಮಂಚದಿಂದ ಏಳಲು ಆಗಲಿಲ್ಲ. ಆದರೂ "ಎಷ್ಟು ಕಡಿಮೆಗೆ ಬಂದ್ವಿ ನೋಡು" ಅಂತಲೇ ಇದ್ದರು. ನಿಜ ಹೇಳಿದ್ದರೆ ಟ್ಯಾಕ್ಸಿಯಲ್ಲಿ ಕೂರುತ್ತಿದ್ದರೋ ಏನೋ. ಹೇಳಲೇ ಇಲ್ಲ. 2019ರಲ್ಲಿ ಅಪ್ಪ ತೀರಿಕೊಂಡರು.

ಉಳಿದದ್ದು. ಕೋಟು ಊರಲ್ಲಿ ಕೊಳ್ಳಬೇಡ, ಇಲ್ಲೇ ತಗೋ. ಬೆಣ್ಣೆ, ತುಪ್ಪ, ಪೇಡ ಏನೂ ಬೇಡ. ಹಾಲಿನ ಪದಾರ್ಥ ತರುವಂತಿಲ್ಲ, ನಿಮ್ಮವ್ವ ಎಷ್ಟೇ ಹಟ ಮಾಡಿದರೂ. ಶೇಂಗಾ ಚಟ್ನಿಪುಡಿ ಜಾಸ್ತಿ ತಾ, ನನಗೂ ಒಂದು ಪಾವು.

ಬಂದ ದಿನ ಮನೆಗೆ ಫೋನ್ ಮಾಡಿದಾಗ ಎಷ್ಟು ಖರ್ಚಾಯಿತೋ ಅಷ್ಟನ್ನೇ ಹೇಳು. ಗಾಬರಿಯಲ್ಲಿ ಎಕ್ಸ್‌ಪ್ರೆಸ್ಸೇ ಹತ್ತಿದ್ದರೂ ಅದನ್ನೇ ಹೇಳು. ವಿಮಾನದ ನಂಬರ್ ಕಳಿಸು. ಶನಿವಾರವೋ ಭಾನುವಾರವೋ ಆದರೆ ವೈಟ್‌ಚಾಪೆಲ್ ಸ್ಟೇಷನ್ ಹೊರಗೆ ನಿಂತಿರುತ್ತೇನೆ.