ಸಾವಿರ ವರ್ಷದ ಕಾಯಿನ್, ಆದ್ರ ರೇರ್ ಅಲ್ರಿ

ಪ್ರಶ್ನೆ: ನಮಸ್ಕಾರ್ರಿ. ಹುಬ್ಬಳ್ಳಿ ದುರ್ಗದಬೈಲ್ ಕಡೆ ಹಳೇ ಸಾಮಾನ ಹರವಿಕೊಂಡು ಕುಂತಿದ್ದ ಒಬ್ಬನ ಹತ್ರ ನಡುವ ಚೌಕ ತೂತಿರೋ ಚೀನಾ ಕಾಯಿನ್ ತಗೊಂಡೆ. ಸಾವಿರ ವರ್ಷ ಹಳೇದು, ಬಾಳ ರೇರ್ ಅಂತ ಎರಡು ಸಾವಿರ ಇಸ್ಕೊಂಡ. ಫೋನ್‌ನ್ಯಾಗ ಸ್ಕ್ಯಾನ್ ಮಾಡಿದ್ರ ಯುವಾನ್‌ಫೆಂಗ್ ತೊಂಗ್‌ಬಾವ್ ಅಂತ ಬಂತು, ಹಿಂದ್ಗಡೆ ಬರೇ ಬೋಳು. ಮನ್ಯಾಗ ಹುಣಸಿಹಣ್ಣು ಹಚ್ಚಿ ತಿಕ್ಕು ಅನ್ನಾಕತ್ಯಾರ. ಮೋಸ ಹೋದ್ನೇನ್ರಿ?
– ಒಬ್ಬ ಓದುಗರು, ಗದಗ

ಉತ್ತರ: ಮೊದಲ ಆ ಹುಣಸಿಹಣ್ಣು ಅಡಗಿಮನಿಗೆ ವಾಪಸ್ ಕಳಸ್ರಿ. ತಿಕ್ಕಿದ್ರ ಹಸಿರು ಕಿಲುಬು ಹೋಗಿ ದೇವರ ಗಂಟಿ ಹಂಗ ಹೊಳಿತೈತಿ, ಆಮ್ಯಾಲೆ ಕಲೆಕ್ಟರ್ ಯಾರೂ ಮೂಸಿ ನೋಡಂಗಿಲ್ಲ.

ಅಂವ ಹೇಳಿದ್ರಾಗ ಅರ್ಧ ಖರೆ. ಒರಿಜಿನಲ್ ಇದ್ರ ಅದು ಚೀನಾ ಆಳಿದ ಸಾಂಗ್ ಮನೆತನದ್ದು, 1078ರಿಂದ 1085ರ ನಡುವಿಂದು, ಅಂದ್ರ ನಮ್ಮ ಆರನೇ ವಿಕ್ರಮಾದಿತ್ಯ ಪಟ್ಟಕ್ಕ ಬಂದು ಎರಡ ವರ್ಷ ಆಗಿತ್ತು. ಆದ್ರ ರೇರ್ ಅಂದದ್ದು ಮಾತ್ರ ಸುಳ್ಳು. 1080ರ ಸುಮಾರಿಗೆ ಅಲ್ಲಿ ವರ್ಷಕ್ಕ ಸುಮಾರು 50 ಲಕ್ಷ ಸರ ಕಂಚಿನ ನಾಣ್ಯ ಎರಕ ಹೊಯ್ತಿದ್ರು, ಒಂದು ಸರ ಅಂದ್ರ ಲೆಕ್ಕಕ್ಕ ಸಾವಿರ ನಾಣ್ಯ (ಪೋಣಿಸಿದ್ದು 770 ಇದ್ರೂ ಸರ್ಕಾರ ಸಾವಿರ ಅಂತ ಒಪ್ಪಿಕೋತಿತ್ತು, ಕೆಲವು ಅಂಗಡಿ ಕೆಜಿ ಇದ್ದಂಗ). ನಮ್ಮ ಲಕ್ಕುಂಡಿ ಟಂಕಸಾಲಿಯೊಳಗ ಬಂಗಾರದ ಗದ್ಯಾಣಕ್ಕ ಮುದ್ರೆ ಒತ್ತತಿದ್ರು, ಅಲ್ಲಿ ಹಂಗಲ್ಲ, ಅಚ್ಚಿನ್ಯಾಗ ಕಂಚು ಹೊಯ್ದು, ಆ ಚೌಕ ತೂತಿನ್ಯಾಗ ಚೌಕ ಸರಳು ತೂರಿಸಿ, ತಿರುಗದಂಗ ಹಿಡಕೊಂಡು ಒಮ್ಮೆಲೆ ಅಂಚು ಅರ ಹಾಕ್ತಿದ್ರು. ಇಷ್ಟ ಮಾಡಿದ್ರೂ ಸಾಲಲಿಲ್ಲ, ಹಡಗು ಹತ್ತಿ ಜಪಾನಿಗೆ ಹೋತು, ನಮ್ಮ ತಂಜಾವೂರು ಸೀಮಿಯೊಳಗೂ ಗಡಿಗಿಗಟ್ಟಲೆ ಸಿಕ್ಕಾವು. ಚೀನಾದ ಸಿಚುವಾನ್ ಸೀಮಿಯೊಳಗಂತೂ ಕಬ್ಬಿಣದ ನಾಣ್ಯ ಹೊತ್ತು ಸಾಕಾಗಿ ಕಾಗದದ ನೋಟಿಗೆ ಬಂದ್ರು, ಸರ್ಕಾರ 1024ರಾಗ ಅದನ್ನ ತಾನ ಹೊರಡಿಸ್ತು.

ಎರಡು ಸಾವಿರ ಜಾಸ್ತಿನ ಆತು ಬಿಡ್ರಿ. ಆದ್ರ ಚಟ ಹತ್ತಿದ್ರ ಒಂದು ಮಜಾ ಐತಿ. ಈ ಯುವಾನ್‌ಫೆಂಗ್ ಒಂದ ನಾಣ್ಯ ಎರಡು ಥರದ ಬರಹದಾಗ ಸಿಗತೈತಿ, ಒಂದು ಮುದ್ರೆಯೊಳಗಿನ ಹಳೇ ಅಕ್ಷರ, ಇನ್ನೊಂದು ಸರಸರ ಬರಿಯೋ ಓಡೋ ಅಕ್ಷರ, ಸೈಜು ತೂತು ಅಂಚು ಎಲ್ಲಾ ಹೊಂದೋ ಜೋಡಿ ಹುಡುಕೋದರಾಗ ವರ್ಷಗಟ್ಟಲೆ ಹೋಗತಾವು. ಕೆಂಪು ದಾರ ಕಟ್ಟಿದ ಫೆಂಗ್‌ಶುಯಿ ಕಾಯಿನ್ ಮಾತ್ರ ತಗೋಬ್ಯಾಡ್ರಿ, ಬಾಳಷ್ಟು ಈಗಿನ ಕಾಲದ ನಕಲು.

ಇನ್ನ ಹಿಂದ್ಗಡೆ ಬೋಳು ಅಂತ ಗಾಬರಿ ಆಗಬ್ಯಾಡ್ರಿ. ಆಳ್ವಿಕೆಯ ಎಷ್ಟನೇ ವರ್ಷ ಅಂತ ಹಿಂದ ಅಂಕಿ ಹಾಕೋ ರೂಢಿ ಶುರುವಾಗಿದ್ದು 1180ರಿಂದ, ನಿಮ್ಮದರಾಗ ಅಂಕಿ ಇದ್ದಿದ್ರ ಅವಾಗ ಡೌಟ್ ಪಡಬೇಕಿತ್ತು.