‘ವಸಿ ತಡೀರಿ’ ಪುಸ್ತಕದಲ್ಲಿಲ್ಲ

ಮಂಡ್ಯದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಬಿ.ಎ. ಕೊನೆಯ ವರ್ಷದ ಹುಡುಗಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು: ಮೈಸೂರಿನ ಒಂದು ಪುಟ್ಟ ಭಾಷಾ ಕಾಲೇಜಿನಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದರು. ಹೊರರಾಜ್ಯದಿಂದ ಬಂದ ಬ್ಯಾಂಕಿನವರು, ಕಂಪನಿಯವರು ಅಲ್ಲಿ ಕನ್ನಡ ಕಲಿಯುತ್ತಾರೆ. ಇವರಿಗೆ ಸಿಕ್ಕಿದ್ದು ಹಾಜರಿ ತೆಗೆದುಕೊಳ್ಳುವುದು, ಜೆರಾಕ್ಸ್ ಮಾಡಿಸುವುದು, ಬೋರ್ಡು ಒರೆಸುವುದು. ಒಂದು ದಿನ ಮೇಷ್ಟ್ರು ಬರುವುದು ತಡವಾಯಿತು. ಇವರೇ ಪಾಠ ಶುರು ಮಾಡಿದರು. ಆಮೇಲೆ ಕರೆದು, ‘ನಿಮ್ಮದು ಮಂಡ್ಯ ಕನ್ನಡ, ಕಲಿಯೋರ ಮುಂದೆ ಜಾಸ್ತಿ ಮಾತಾಡಬೇಡಿ’ ಎಂದರಂತೆ. ‘ಎರಡು ತಿಂಗಳು ಸುಮ್ನೆ ಹಾಳು ಮಾಡ್ಕೊಂಡೆನಾ? ವರದಿಯಲ್ಲಿ ಏನಂತ ಬರೆಯಲಿ?’ ಎಂದು ಕೇಳಿದ್ದಾರೆ.

ಜೆರಾಕ್ಸ್ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೂರು ಜನ ಮೇಷ್ಟ್ರಿರುವ ಕಡೆ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ. ಪ್ರಿನ್ಸಿಪಾಲರೇ ಕುರ್ಚಿ ಹೊರುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ. ಆದರೆ ಮಧ್ಯಾಹ್ನದ ಊಟಕ್ಕೆ ದಿನಾ ಕೈಯಿಂದ ಹಾಕಿದ್ದೀರಿ. ಅದನ್ನಾದರೂ ಅವರು ಕೊಡಬೇಕಿತ್ತು.

ನನಗೆ ಚುಚ್ಚಿದ್ದು ‘ಮಂಡ್ಯ ಕನ್ನಡ’ ಎಂಬ ಮಾತು. ಅವರ ಕಷ್ಟವೂ ಗೊತ್ತಾಗುತ್ತದೆ. ಅ ಆ ಇ ಈ ಕಲಿಯುತ್ತಿರುವವರಿಗೆ ಒಂದೇ ಮಾತಿನ ಮೂರು ರೂಪ ಹೇಳಿದರೆ ತಲೆ ಕೆಡುತ್ತದೆ. ಆದರೆ ಅವರು ಹೇಳಿಕೊಡುವ ‘ನಾನು ಹೋಗುತ್ತೇನೆ’ ಮಾತ್ರ ಎಲ್ಲಿಯದು? ಮೈಸೂರಿನ ಯಾವ ಬೀದಿಯಲ್ಲಿ ಜನ ಹಾಗೆ ಮಾತಾಡುತ್ತಾರೆ? ಇಲ್ಲಿ ‘ಹೋಗ್ತೀನಿ’, ನಿಮ್ಮಲ್ಲಿ ‘ಹೋಯ್ತೀನಿ’. ಇನ್ನೊಬ್ಬರ ಮನೆಯಿಂದ ಏಳುವಾಗ ಅದನ್ನೂ ಅನ್ನುವುದಿಲ್ಲ. ‘ಬರ್ತೀನಿ’ ಎನ್ನುತ್ತೇವೆ, ಚಪ್ಪಲಿ ಮೆಟ್ಟಿ ಹೊರಟೇ ಹೋಗುತ್ತೇವೆ. ಬಿಹಾರದಿಂದ ಬಂದ ಮನುಷ್ಯ ಇದನ್ನು ಯಾವ ಪಾಠದಲ್ಲಿ ಕಲಿಯಬೇಕು?

ನೀವು ‘ಹಾಲು’ ಅನ್ನುವಾಗ ‘ಆಲು’ ಎಂದು ಬಾಯಿ ತಪ್ಪಿತು, ಎಲ್ಲರೂ ನಕ್ಕರು ಎಂದಿದ್ದೀರಿ. ಪಂಪನ ಕಾಲದ ಕನ್ನಡದಲ್ಲಿ ಅದು ‘ಪಾಲ್’. ತಮಿಳಿನಲ್ಲಿ ಇವತ್ತಿಗೂ ಪಾಲೇ. ನಮ್ಮಲ್ಲಿ ಪ ಹೋಗಿ ಹ ಬಂತು, ನಿಮ್ಮ ಕಡೆ ಆ ಹ ಕೂಡ ಉದುರಿತು. ಮೊದಲನೆಯದು ವ್ಯಾಕರಣ, ಎರಡನೆಯದು ನಗೆಪಾಟಲು ಎಂದರೆ ಹೇಗೆ? ಮೈಸೂರಿನಲ್ಲೇ ಇದ್ದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು, ನಮ್ಮ ಮಾತಿನಲ್ಲಿ ಮಹಾಪ್ರಾಣ ಇಲ್ಲವೆಂದು ತಮ್ಮ ಹೆಸರನ್ನೇ ‘ಬಟ್’ ಎಂದು ಬರೆದುಕೊಂಡರು. ಅವರು ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ನಾನೂ ಒಪ್ಪಿಲ್ಲ, ಈ ಪತ್ರಿಕೆ ತುಂಬ ಮಹಾಪ್ರಾಣಗಳೇ. ಆದರೆ ಆಡುಮಾತನ್ನು ಕಿವಿಗೊಟ್ಟು ಕೇಳಿದವರು ಅವರು.

ಈಗ ನಿಮ್ಮ ಕಾಗದದ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಟೀ ಹೊತ್ತಿನಲ್ಲಿ ಬ್ಯಾಂಕಿನವರೊಬ್ಬರು ಬಂದು, ‘ಹಾಲಿನವನು ದಿನಾ ವಸಿ ತಡೀರಿ ಅಂತಾನೆ, ಪುಸ್ತಕದಲ್ಲಿ ಇಲ್ಲ’ ಎಂದರು. ‘ಸ್ವಲ್ಪ ತಾಳಿ’ ಎಂದು ನೀವು ಅರ್ಥ ಹೇಳಿದಿರಿ. ಮಾರನೇ ದಿನ ಹಾಲಿನವನು ಚಿಲ್ಲರೆ ಕೇಳಿದಾಗ ಇವರೇ ‘ವಸಿ ತಡೀರಿ’ ಎಂದರಂತೆ. ಅವನು ಬಾಯಿ ಬಿಟ್ಟುಕೊಂಡು ನಿಂತನಂತೆ. ಆಮೇಲೆ ದಿನಾ ಟೀ ಹೊತ್ತಿಗೆ ನಾಲ್ಕೈದು ಜನ ನಿಮ್ಮ ಸುತ್ತ ಸೇರುತ್ತಿದ್ದರು. ನಿಮ್ಮ ವರದಿ ಇಲ್ಲಿಂದಲೇ ಶುರುವಾಗಲಿ. ಹಾಜರಿ, ಜೆರಾಕ್ಸಿಗೆ ಅರ್ಧ ಪುಟ ಸಾಕು.

ಇನ್ನೊಬ್ಬರು ‘ನಾನು ಗೊತ್ತಿಲ್ಲ’ ಯಾಕೆ ತಪ್ಪು ಎಂದು ಕೇಳಿದರು, ‘ಹಾಗೇ ಅನ್ನೋದು’ ಎಂದುಬಿಟ್ಟೆ, ನಾಚಿಕೆಯಾಯಿತು ಎಂದಿದ್ದೀರಿ. ಹುಟ್ಟಿನಿಂದ ಆಡುವ ಮಾತಿಗೆ ಕಾರಣ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಬೇಕು, ಬೇಡ, ಗೊತ್ತು, ಇಷ್ಟ, ಹಸಿವು, ನೆಗಡಿ, ಇವೆಲ್ಲ ‘ನನಗೆ’ ಕೇಳುತ್ತವೆ. ಇವು ನಾವಾಗಿ ಮಾಡುವ ಕೆಲಸಗಳಲ್ಲ, ನಮಗೆ ಆಗುವಂಥವು. ಹಿಂದಿ ಬಲ್ಲವರಿಗೆ ಇನ್ನೂ ಸುಲಭ. ‘ಮುಝೆ ಪತಾ ನಹೀ’ ಎನ್ನುವ ಕಡೆ ‘ನನಗೆ ಗೊತ್ತಿಲ್ಲ’ ಎಂದರೆ ಆಯಿತು. ಇಂಥ ಹತ್ತು ಪ್ರಶ್ನೆ ಬರೆದು, ನಿಮಗೆ ತೋಚಿದ ಉತ್ತರ ಕೆಳಗೆ ಹಾಕಿ. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಭಾಷೆಗಳ ಕೆಲಸದಲ್ಲೇ ಇದೆ. ಬೇರೆ ರಾಜ್ಯದ ಮೇಷ್ಟ್ರುಗಳಿಗೆ ಕನ್ನಡ ಕಲಿಸಿದ ಅನುಭವ ಅಲ್ಲಿದೆ. ಒಂದೆರಡು ದಿನ ಹೋಗಿ ವಿಚಾರಿಸಿ ಬನ್ನಿ.

ಸರ್ಟಿಫಿಕೇಟಿನಲ್ಲಿ ‘ಕಚೇರಿ ಸಹಾಯ’ ಎಂದು ಮಾತ್ರ ಇದೆಯಂತೆ. ಕಲಿಯುವವರಿಗೆ ಮಾತಿನ ಅಭ್ಯಾಸ ಮಾಡಿಸಿದ್ದನ್ನೂ ಸೇರಿಸಿ ಕೊಡಿ ಎಂದು ಕೇಳಿ. ಸಂಕೋಚ ಬೇಡ. ಪ್ರಿನ್ಸಿಪಾಲರು ಒಳ್ಳೆಯವರ ಹಾಗೆ ಕಾಣುತ್ತಾರೆ, ಕೊಡಬಹುದು.

ಇನ್ನು ಟೀ ಹೊತ್ತಿನ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೀಚಿಟ್ಟಿದ್ದೇನೆ ಎಂದಿರಲ್ಲ, ಅದನ್ನು ನಮಗೂ ಕಳಿಸಿ. ಎರಡು ಪುಟ ಕೊಡುತ್ತೇವೆ, ಒಂದು ಪದವನ್ನೂ ತಿದ್ದುವುದಿಲ್ಲ. ಗೌರವಧನ ಕಡಿಮೆ. ಬರುವುದೂ ತಡ, ವಸಿ ತಡೀರಿ.

ಸಂಪಾದಕ